ಶಬಾನಾಳ ಉಪ್ಪಿನ ಡಬ್ಬಿ

“ಅಕ್ಕಾ, ಉಪ್ಪಿನ ಡಬ್ಬಿ ಮುಟ್ಟಿದ್ರಾ?”

ಶಬಾನಾ ಚೀರಿದ ರೀತಿಗೆ ನನ್ನ ಕೈಯಲ್ಲಿದ್ದ ಒರೆಸುವ ಬಟ್ಟೆ ಜಾರಿತು. ಕೊಡಿಗೇಹಳ್ಳಿಯಲ್ಲಿ ಅವಳದು ನಮ್ಮ ಎದುರು ಮನೆ. ರಂಜಾನ್ ಉಪವಾಸ ಬಿಡಲು ನೆಂಟರು ಬರುವ ಹೊತ್ತಾಗಿತ್ತು, ದೊಡ್ಡ ಪಾತ್ರೆಯಲ್ಲಿ ಗಂಜಿ ಕುದಿಯುತ್ತಿತ್ತು. ಸಹಾಯಕ್ಕೆಂದು ಹೋದ ನಾನು ಹರಟುತ್ತಲೇ ಅಡುಗೆಕಟ್ಟೆ ಒರೆಸಿ, ಡಬ್ಬಿಯನ್ನು ಗೂಡಿಗೆ ಸೇರಿಸಿದ್ದೆ.

“ಉಪ್ಪು ಹಾಕಿದ್ಮೇಲೆ ಡಬ್ಬಿನ ಒಲೆ ಬಲಗಡೆ ಇಡ್ತೀನಿ, ಹಾಕದೇ ಇದ್ರೆ ಎಡಗಡೆ ಇರತ್ತೆ. ಉಪವಾಸದಲ್ಲಿ ರುಚಿ ನೋಡಲ್ವಲ್ಲ ನಾನು! ನೀವು ನನ್ನ ನೆನಪನ್ನೇ ಎತ್ತಿಟ್ಬಿಟ್ರಿ ಕಣ್ರೀ!”

ಡಬ್ಬಿ ಯಾವ ಕಡೆ ಇತ್ತೆಂದು ಎಷ್ಟು ಯೋಚಿಸಿದರೂ ನನಗೆ ಹೊಳೆಯಲಿಲ್ಲ. ಕೊನೆಗೆ ಅವಳು ಸೌಟನ್ನೇ ನನ್ನ ಕೈಗಿಟ್ಟಳು. ಊದಿ ಊದಿ ಕುಡಿದೆ. ಉಪ್ಪು ಹದವಾಗಿತ್ತು. ಖಾತ್ರಿಗೆ ಇನ್ನೊಂದು ಸೌಟು ಬೇಕೆಂದೆ. ಅವಳು ಪಾತ್ರೆ ಮುಚ್ಚಿದಳು.

ಈಗ ನನ್ನ ಅಡುಗೆಮನೆಯಲ್ಲೂ ಉಪ್ಪಿನ ಡಬ್ಬಿ ಒಲೆಯ ಆಚೆ ಈಚೆ ಓಡಾಡುತ್ತದೆ. ನಮ್ಮ ಯಜಮಾನರು ಅದನ್ನು ಗೂಡಿಗೆ ಸೇರಿಸಿ ಕಟ್ಟೆ ಒಪ್ಪ ಮಾಡಿದ ದಿನ ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಅವರು ಇನ್ನಷ್ಟು ಅನ್ನ ಕಲಸಿಕೊಂಡು ಉಣ್ಣುತ್ತಾರೆ.