ತುಂಬಿದರೆ ಮಾಯವಾಗುವ ಗೋಡೆ

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆಮೇಲೆ ಬಿಜೂರಿನ ಸುತ್ತಮುತ್ತ ಕೆಂಪುಕಲ್ಲಿನ ಗೋಡೆ ಕಟ್ಟುವುದೇ ಕೆಲಸ. ಈಗ ಮೊಣಕಾಲು ನೋವೆಂದು ಮನೆಯಲ್ಲಿದ್ದೇನೆ. ಆದರೂ ಕಲ್ಲು ಜೋಡಿಸುವುದು ತಪ್ಪಲಿಲ್ಲ. ಮೊಮ್ಮಗಳ ಮೊಬೈಲಿನ ಒಂದು ಆಟದೊಳಗೆ ಮತ್ತೆ ಸಿಕ್ಕಿತು. ಆ ಖುಷಿ ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗುವುದಿಲ್ಲ, ಬರೆಯುತ್ತಿದ್ದೇನೆ.

ಮೇಲಿನಿಂದ ಇಟ್ಟಿಗೆಯಂಥ ತುಂಡುಗಳು ಬೀಳುತ್ತವೆ. ಒಂದು ಉದ್ದ, ಒಂದು ಚೌಕ, ಇನ್ನೊಂದು ಮೊಣಕೈ ಮಡಚಿದ ಹಾಗೆ. ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಕೂರಿಸಬೇಕು. ಒಂದು ಸಾಲು ತುಂಬಿದರೆ ಆ ಸಾಲೇ ಮಾಯ. ತುಂಬದೆ ಮೇಲಿನವರೆಗೆ ಏರಿದರೆ ಆಟ ಮುಗಿಯಿತು. ನನ್ನ ಮಗಳು ಚಿಕ್ಕವಳಿದ್ದಾಗ ಕುಂದಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಸೆಲ್ ಹಾಕುವ ಆಟಿಕೆ ಕೊಡಿಸಿದ್ದೆ. ಅದರಲ್ಲೂ ಇದೇ ಆಟ. ಅವಳು ಊಟ ಮರೆತು ಆಡುತ್ತಿದ್ದಳು. ನಾನು ಬೈಯುತ್ತಿದ್ದೆ.

ಕಳೆದ ರಜೆಯಲ್ಲಿ ಮೊಮ್ಮಗಳು ಬೈಂದೂರಿನಿಂದ ಬಂದಿದ್ದಳು. ಹೊರಡುವ ದಿನ ಬಂತು. ಅವಳಿಗೂ ಮನಸ್ಸಿಲ್ಲ, ನನಗೂ ಇಲ್ಲ. ಅವಳೇ ಪಂಥ ಕಟ್ಟಿದಳು.

"ಅಜ್ಜಾ, ಅಮ್ಮ ಕರ್ಕೊಂಡ್ ಹೋಪುದ್ರೊಳ್ಗೆ ನನ್ ಸ್ಕೋರ್ ದಾಟಿ ಕಾಂಬ. ದಾಟ್ರೆ ಭಾನುವಾರದವರೆಗೆ ಇಲ್ಲೇ ಇರ್ತೆ."

ಆಡಿದೆ, ಸೋತೆ. ಮತ್ತೆ ಆಡಿದೆ, ಮತ್ತೆ ಸೋತೆ. ಅವಳು ಬಗ್ಗಿ ನೋಡಿದಳು.

"ಮೂಲಿಯಲ್ಲ್ ಒಂದ್ ಜಾಗ ಖಾಲಿ ಬಿಡ್ತ್ರಿ, ಎಂತಕೆ?"

"ತುಂಬ್ರೆ ಸಾಲೇ ಹೋತ್ತಲೆ ಮಗಾ. ಇಷ್ಟ್ ಚಂದ ಕೂತ ಗೋಡಿ ಯಾರಾರೂ ಕೆಡಗ್ತ್ರಾ?"

ಅವಳು ಚಾಪೆಯ ಮೇಲೆ ಉರುಳಾಡಿ ನಕ್ಕಳು. ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: "ಮೊಬೈಲ್ ಒಳ್ಗಿನ್ ಗೋಡಿ ಉಳ್ಸುಕ್ ಹೊರ್ಟ್ರ್ ಇವ್ರ್. ಹೊರ್ಗೆ ಕೋಳಿಗೂಡ್ ಬಿದ್ ಹೋಯ್ತ್, ಅದ್ ಮಾತ್ರ ಕಾಂತಿಲ್ಲೆ."

ಏನು ಮಾಡುವುದು, ಕಟ್ಟಿದ್ದು ನಿಲ್ಲಬೇಕು ಎಂದೇ ಈ ಕೈ ಕಲಿತದ್ದು. ಕೊನೆಯ ಆಟಕ್ಕೆ ಕೂತೆ. ಹಳೇ ಅಭ್ಯಾಸ, ಮತ್ತೆ ಮೂಲೆ ಖಾಲಿ ಬಿಟ್ಟು ನಾಲ್ಕು ಸಾಲು ಎಬ್ಬಿಸಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಮಗಳ ಸ್ಕೂಟರ್ ನಿಂತಿತು. ಮೊಮ್ಮಗಳನ್ನು ಕರೆದೊಯ್ಯಲು ಬಂದವಳು ಹೆಲ್ಮೆಟ್ಟಿನಲ್ಲೇ ಒಳಬಂದು ನನ್ನ ಹೆಗಲ ಮೇಲಿಂದ ಇಣುಕಿದಳು. ಮೇಲೆ ಉದ್ದನೆಯ ತುಂಡು ಕಾಣಿಸಿತು.

"ಅಪ್ಪಯ್ಯ, ಉದ್ದದ್ ಬಂತ್. ನೆಟ್ಟಗ್ ನಿಲ್ಸಿ, ಮೂಲಿಗೇ ಬಿಡಿ. ಬೇಗ, ಬೇಗ."

ಒಂದು ಗಳಿಗೆ ಕೈ ತಡೆಯಿತು. ಆಮೇಲೆ ಬಿಟ್ಟೇಬಿಟ್ಟೆ. ನಾಲ್ಕು ಸಾಲೂ ಒಟ್ಟಿಗೇ ಮಾಯವಾದವು, ಸ್ಕೋರು ಒಮ್ಮೆಲೇ ಹಾರಿ ಮೊಮ್ಮಗಳದ್ದನ್ನು ದಾಟಿತು. ಕಟ್ಟಿದ ಗೋಡೆ ಬಿದ್ದದ್ದಕ್ಕೆ ನಾನು ಕುಣಿದದ್ದು ಜನ್ಮದಲ್ಲಿ ಅದೇ ಮೊದಲು, ಅದೂ ಈ ಮೊಣಕಾಲಿನಲ್ಲಿ. ಸೋತ ಮೊಮ್ಮಗಳು ನನಗಿಂತ ಎತ್ತರಕ್ಕೆ ಹಾರಿದಳು.

"ಅಮ್ಮಾ, ನಾನ್ ಸೋತೆ. ಭಾನುವಾರದವರೆಗೆ ಬತ್ತಿಲ್ಲೆ."

"ಆಯ್ತ್ ಮಾರಾಯ್ತಿ, ಇರ್." ಮಗಳು ಹೆಲ್ಮೆಟ್ ತೆಗೆದು ನನ್ನ ಪಕ್ಕದಲ್ಲಿ ಕೂತಳು. "ಅಪ್ಪಯ್ಯ, ಇಲ್ಲ್ ಕೊಡಿ ಕಾಂಬ, ನಂಗೊಂದ್ ಆಟ."

ಬೈಯಬೇಕೆಂದು ನೆನಪಾಗಲೇ ಇಲ್ಲ. ದೀಪ ಹಚ್ಚುವ ಹೊತ್ತಾದರೂ ಸ್ಕೂಟರ್ ಅಂಗಳದಲ್ಲೇ ಇತ್ತು. ಭಾನುವಾರದೊಳಗೆ ಕೋಳಿಗೂಡು ಕಟ್ಟಿಕೊಡುತ್ತೇವೆಂದು ನಾನೂ ಮೊಮ್ಮಗಳೂ ಹೆಂಡತಿಗೆ ಮಾತು ಕೊಟ್ಟೆವು. ಅದು ಇನ್ನೂ ಬಿದ್ದೇ ಇದೆ.