ಹಾಗಲಕಾಯಿ ಹಚ್ಚಿದ ಚಾಕ್‌ಪೀಸು

ಇದನ್ನು ಹೇಳಬೇಕೆಂದು ಕೂತಾಗಲೆಲ್ಲ ನನಗೆ ತುರ್ತಾಗಿ ಬೇರೇನೋ ಕೆಲಸ ನೆನಪಾಗುತ್ತಿತ್ತು. ಒಮ್ಮೆ ಸೈಕಲ್ಲಿಗೆ ಎಣ್ಣೆ ಬಿಟ್ಟೆ. ಇನ್ನೊಮ್ಮೆ ಚೆನ್ನಾಗಿಯೇ ಇದ್ದ ನಲ್ಲಿಯನ್ನು ರಿಪೇರಿ ಮಾಡಿ ಕೆಡಿಸಿದೆ. ಈಗ ಮನೆಯಲ್ಲಿ ಕೆಡಿಸಲು ಏನೂ ಉಳಿದಿಲ್ಲ, ಹೇಳಿಬಿಡುತ್ತೇನೆ.

ಎಸ್ಸೆಸ್ಸೆಲ್ಸಿ ಪಾಸಾದ ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಅಟೆಂಡರ್ ಆಗಿದ್ದೆ. ಗಂಟೆ ಹೊಡೆಯುವುದು, ಚಾಕ್‌ಪೀಸಿನ ಡಬ್ಬ ಕಾಯುವುದು ನನ್ನ ಕೆಲಸ. ನಿವೃತ್ತಿಗೆ ಸ್ವಲ್ಪ ಮುಂಚೆ ಚಾಕ್‌ಪೀಸು ಮಾಯವಾಗತೊಡಗಿದವು. ಉಳಿದವುಗಳ ಮೇಲೆ ಹಲ್ಲಿನ ಗುರುತು. ಇಲಿಯ ಹಲ್ಲು ಅಷ್ಟು ಚೆಂದವಿರುವುದಿಲ್ಲ. ಹಾಗಲಕಾಯಿ ರುಬ್ಬಿ, ರಸದಲ್ಲಿ ಚಾಕ್‌ಪೀಸು ಅದ್ದಿ ಒಣಗಿಸಿಟ್ಟೆ.

ಮೊದಲು ಸಿಕ್ಕಿಬಿದ್ದವರು ಗಣಿತದ ಮೇಷ್ಟ್ರು. ಪಾಠ ಮುಗಿಸಿ ಕೈ ತೊಳೆಯದೆ ಚಿತ್ರಾನ್ನ ತಿಂದು, ಮನೆಯವರಿಗೆ ಫೋನು ಮಾಡಿ ರೇಗಿದರು.

ಆಮೇಲೆ ನಿಜವಾದ ಕಳ್ಳಿ ಸಿಕ್ಕಳು: ಕುಣಿಗಲ್ಲಿನ ಬಳೆ ಅಂಗಡಿಯವರ ಮಗಳು ನಸ್ರೀನ್. ಬೆಳಗಿನ ಬಸ್ಸಿಗೆ ತಿಂಡಿ ತಿನ್ನದೆ ಬರುತ್ತಿದ್ದ ಹುಡುಗಿ. ನೀರಿನ ಟ್ಯಾಂಕಿನ ಹಿಂದೆ ನಿಂತು, ಕಹಿಗೆ ಕಣ್ಣಲ್ಲಿ ನೀರು ಬಂದರೂ ಬಿಡದೆ ಕಟಕಟ ಕಡಿಯುತ್ತಿದ್ದಳು. ಅಷ್ಟು ಕಹಿಯಾದರೂ ಏಕೆ ಉಗುಳುತ್ತಿಲ್ಲ ಎಂದು ನಾನು ಯೋಚಿಸಬೇಕಿತ್ತು. ಯೋಚಿಸುವ ಬದಲು ನಕ್ಕು, ‘ಸುಣ್ಣದ ರಾಣಿ’ ಎಂದು ಹೆಸರಿಟ್ಟೆ. ಆ ಹೆಸರು ನಾನು ಹೊಡೆಯುವ ಗಂಟೆಗಿಂತ ಬೇಗ ಕಾಲೇಜಿಗೆಲ್ಲ ಮುಟ್ಟಿತು.

ಸ್ವಲ್ಪ ದಿನಕ್ಕೆ ರಕ್ತ ಪರೀಕ್ಷೆಯ ಶಿಬಿರ ಬಂತು. ಗೂಳೂರಿನ ರೈತರ ಮಗಳು, ಗುಬ್ಬಿಯ ಜವಳಿ ವ್ಯಾಪಾರಿಯ ಮಗಳು, ಕಾರಿನಲ್ಲಿ ಬಂದಿಳಿಯುವ ಇಂಜಿನಿಯರ್ ಮಗಳು, ಎಲ್ಲರ ಕೆಳರೆಪ್ಪೆ ಎಳೆದು ನೋಡಿದ ಡಾಕ್ಟರಮ್ಮ, ರಕ್ತ ಕಮ್ಮಿ ಎಂದು ಮುಖ ಸಣ್ಣದು ಮಾಡಿದರು. ಜಿಮ್ಮಿಗೆ ಹೋಗಿ ತೋಳು ಬೆಳೆಸಿದ್ದ ಹುಡುಗನೂ ಅದೇ ಗುಂಪಿಗೆ ಸೇರಿದ. ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯದ ಮನೆತನಗಳ ಮಕ್ಕಳೆಲ್ಲ ಒಂದೇ ಡಬ್ಬಿಯ ಮಾತ್ರೆ ಹಂಚಿಕೊಂಡರು.

“ಚಾಕ್‌ಪೀಸು, ಹಸಿ ಅಕ್ಕಿ, ಐಸು ತಿನ್ನೋಣ ಅನ್ಸೋದು ಬಾಯಿಚಪಲ ಅಲ್ಲ. ಮೈಯಲ್ಲಿ ಕಬ್ಬಿಣ ಕಮ್ಮಿ ಆದ್ರೂ ಹಂಗಾಗುತ್ತೆ,” ಎಂದರು ಡಾಕ್ಟರಮ್ಮ.

ಸಾಲಿನಲ್ಲಿ ನಸ್ರೀನ್ ಇರಲಿಲ್ಲ. ಟ್ಯಾಂಕಿನ ಹಿಂದೆ ಸಿಕ್ಕಳು.

“ಬಾರಮ್ಮ, ಟೆಸ್ಟ್ ಮಾಡಿಸ್ಕೊ.”

“ಬರಲ್ಲ ಅಂಕಲ್. ಮೆಟ್ಲು ಹತ್ತಿದ್ರೇ ಏದುಸಿರು ಬರುತ್ತೆ, ಅದಕ್ಕೇ ನಗ್ತಾರೆ. ಅಲ್ಲಿಗೆ ಬಂದ್ರೆ ಸುಣ್ಣದ ರಾಣಿ ಅಂತಾರೆ. ಶುರು ಮಾಡಿದ್ದು ನೀವೇ ತಾನೆ?”

ಅವಳ ಕೈಯಲ್ಲಿದ್ದ ಚಾಕ್‌ಪೀಸು ಕಿತ್ತುಕೊಂಡು ಹೋಗಿ, ಸಾಲಿನ ಎದುರು ನಿಂತು ಕಚ್ಚಿದೆ. “ನೋಡ್ರಪ್ಪಾ, ಇನ್ಮೇಲೆ ನಾನೇ ಸುಣ್ಣದ ರಾಜ! ತಪ್ಪಾಯ್ತು ಕಣಮ್ಮ!” ನನ್ನದೇ ಕೈರುಚಿ, ಕಹಿ ಕಿವಿಯವರೆಗೂ ಹತ್ತಿತು.

“ಉಗೀರಿ ಅಂಕಲ್, ಉಗೀರಿ! ಬರ್ತೀನಿ ಬುಡಿ,” ಎಂದು ನನ್ನ ಹಿಂದೆಯೇ ಓಡಿಬಂದಿದ್ದ ನಸ್ರೀನ್ ನಗುತ್ತಾ ಬೆರಳು ಕೊಟ್ಟಳು. ರಕ್ತ ಎಷ್ಟು ಕಮ್ಮಿಯಿತ್ತೆಂದರೆ, ಅವತ್ತೇ ಅವಳ ತಂದೆಯನ್ನು ಕರೆಸಿ ಆಸ್ಪತ್ರೆಗೆ ಕಳಿಸಿದರು. ಕೆಲವು ತಿಂಗಳಾದ ಮೇಲೆ ಎರಡೆರಡು ಮೆಟ್ಟಿಲು ಹಾರಿ ಬಂದು, “ರಾಜಾ ಸಾಹೇಬ್ರೇ, ಗಂಟೆ ಲೇಟು!” ಎಂದಳು.

ಇಲ್ಲಿಗೇ ಮುಗಿದಿದ್ದರೆ ನಲ್ಲಿ ಕೆಡುತ್ತಿರಲಿಲ್ಲ. ಶಿಬಿರದ ಸಂಜೆ ಮನೆಗೆ ಹೋದರೆ, ನನ್ನ ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಎಂದಿನಂತೆ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಹಸಿ ಅಕ್ಕಿ ತಿಂದವರ ಮದುವೆಯಲ್ಲಿ ಮಳೆ ಬರುತ್ತದೆಂದು ನಮ್ಮ ಕಡೆ ನಂಬಿಕೆ. ಸಿ.ಎಸ್. ಪುರದಲ್ಲಿ ನಮ್ಮ ಮದುವೆಯ ದಿನ ಮಳೆ ಬಂದೂ ಬಂದಿತ್ತು. ಚಪ್ಪರ ನೆನೆಸಿದವಳೆಂದು ಅವಳನ್ನು ನೆಂಟರೆದುರೆಲ್ಲ ಹಂಗಿಸಿದ್ದೇನೆ. ಕೆಲಸದ ನಡುವೆ ಗೋಡೆಗೊರಗಿ ಕೂತರೆ ಸೋಮಾರಿ ಎಂದಿದ್ದೇನೆ.

ಮರುದಿನವೇ ಪರೀಕ್ಷೆ ಮಾಡಿಸಿ ಮಾತ್ರೆ ತಂದುಕೊಟ್ಟೆ. “ಇದ್ನ ನುಂಗಿದ್ರೆ ಚಪ್ಪರ ಒಣಗ್ತದಾ?” ಎಂದು ಕೇಳಿ ನುಂಗಿದಳು. ಕ್ಷಮೆ ಮಾತ್ರ ಇನ್ನೂ ಕೇಳಿಲ್ಲ. ಅದಕ್ಕೆ ಮೊದಲು ಹೆಸರು ಹಿಡಿದು ಕರೆಯಬೇಕು; ನಾನು ಮದುವೆಯಾದಾಗಿನಿಂದ ‘ಇವಳೇ’ ಎಂದಷ್ಟೇ ಕರೆದವನು. ಈಗ ಅಡುಗೆಮನೆಯಲ್ಲಿದ್ದಾಳೆ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು ಬರೆಯುತ್ತಿದ್ದೇನೆ: ಸಿದ್ದಗಂಗಮ್ಮ.