ನನ್ನ ತಪ್ಪಿಗೆ ಸಹಿ ಹಾಕಿದವರು

ನಮ್ಮ ಐಟಿ ಸರ್ ಬಲಗೈಯ ತೋರುಬೆರಳಿನಲ್ಲಿ ಅರ್ಧ ಉಗುರು ಮಾತ್ರ ಇತ್ತು. ಹಿಂದೊಮ್ಮೆ ಸರ್ವರ್ ಇಡುವ ಕಬ್ಬಿಣದ ಕಪಾಟಿನ ಬಾಗಿಲಿಗೆ ಸಿಕ್ಕಿ ಉಳಿದರ್ಧ ಹೋಗಿತ್ತಂತೆ. ಕ್ಲಿಕ್ ಮಾಡುವ ಮೊದಲು ಆ ಬೆರಳನ್ನು ಮೌಸ್‌ನಿಂದ ಮೇಲಕ್ಕೆತ್ತಿ, ಒಂದು ಉಸಿರಿನಷ್ಟು ಹೊತ್ತು ಹಾಗೇ ಹಿಡಿದು, ಪರದೆಯ ಮೇಲಿನ ಹೆಸರು ಓದಿ, ಆಮೇಲೆ ಒತ್ತುತ್ತಿದ್ದರು. ನಾನು ನಗುತ್ತಿದ್ದೆ. ಅವರು, "ನಗು ಮಾರಾಯ್ತಿ. ಯಾರ ಮನೆಯೊಳಗೆ ಇದ್ದೇನೆ ಅಂತ ನೋಡದೆ ದೀಪ ಆರಿಸ್ಲಿಕ್ಕೆ ಆಗ್ತದಾ?" ಎನ್ನುತ್ತಿದ್ದರು.

ನಮ್ಮ ಕಚೇರಿ ದುಬೈಯ ಜುಮೇರಾ ಲೇಕ್ ಟವರ್ಸ್‌ನ ಇಪ್ಪತ್ತೊಂದನೆಯ ಮಹಡಿಯಲ್ಲಿತ್ತು. ಗೋದಾಮು ಅಬುಧಾಬಿಯ ಮುಸಫಾದಲ್ಲಿ. ಕಂಪ್ಯೂಟರ್ ನೋಡಿಕೊಳ್ಳಲು ಇಡೀ ಕಂಪನಿಗೆ ನಾವಿಬ್ಬರೇ. ಸರ್ ಮಂಗಳೂರಿನ ಕೊಂಕಣಿ ಕ್ರೈಸ್ತರು. ಹೆಂಡತಿ ಅಬುಧಾಬಿಯಲ್ಲಿ ನರ್ಸ್. ಮಕ್ಕಳಿರಲಿಲ್ಲ. ಮನೆಯೂ ಅಲ್ಲಿಯ ಖಲೀಫಾ ಸಿಟಿಯಲ್ಲಿದ್ದುದರಿಂದ ದಿನವೂ ದುಬೈಗೆ ಒಂದು ಗಂಟೆಗೂ ಮೀರಿ ಕಾರು ಓಡಿಸಿಕೊಂಡು ಬರುತ್ತಿದ್ದರು. ಬಂದು ಕುಳಿತು ಅರ್ಧ ಗಂಟೆಯಾಗುವಾಗ ಗೋದಾಮಿನಲ್ಲಿ ಪ್ರಿಂಟರ್ ನಿಂತಿದೆ ಎಂದು ಫೋನ್ ಬರುತ್ತಿತ್ತು. ಬಂದ ದಾರಿಯಲ್ಲೇ ವಾಪಸ್. ಇದು ಸಾಕಾಗಿಯೇ ಅವರು, ದುಬೈಯಲ್ಲಿ ಕುಳಿತು ಅಬುಧಾಬಿಯ ಕಂಪ್ಯೂಟರ್ ನಡೆಸುವ ತಂತ್ರಾಂಶ ಹಾಕಿಸೋಣ ಎಂದು ಮ್ಯಾನೇಜರನ್ನು ಒಪ್ಪಿಸಿದ್ದು.

ಯಾವುದನ್ನು ಆರಿಸುವುದೆಂದು ನೋಡಲು ನಾವು ಮೂರು ವಾರ ಪಟ್ಟ ಪಾಡು ಈಗಲೂ ನಗು ತರಿಸುತ್ತದೆ. ಮೊದಲನೆಯದು ಪುಕ್ಕಟೆಯದು. ಐದು ನಿಮಿಷಕ್ಕೊಮ್ಮೆ, ನೀವು ಇದನ್ನು ವ್ಯಾಪಾರಕ್ಕೆ ಬಳಸುತ್ತಿರುವಂತಿದೆ ಎಂದು ಅನುಮಾನಪಟ್ಟು ಮುಚ್ಚಿಕೊಳ್ಳುತ್ತಿತ್ತು. "ನನ್ನ ಅತ್ತೆಯ ಹಾಗೆ, ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ," ಎಂದರು ಸರ್. ಎರಡನೆಯದರಲ್ಲಿ ಅಲ್ಲಿಯ ಕೀಬೋರ್ಡ್ ಅರಬ್ಬಿಯಲ್ಲಿರುವುದು ನಮಗೆ ಕಾಣಿಸಲಿಲ್ಲ. ಪಾಸ್‌ವರ್ಡನ್ನು ಮತ್ತೆ ಮತ್ತೆ ಹೊಡೆದು ಕಂಪ್ಯೂಟರಿಗೇ ಬೀಗ ಬಿತ್ತು. ಮೂರನೆಯದು ಚೆನ್ನಾಗಿ ನಡೆಯುತ್ತಿದ್ದಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಗೋದಾಮಿನ ಮಲಯಾಳಿ ಸ್ಟೋರ್‌ಕೀಪರ್ ಫೋನ್ ಮಾಡಿ, ಬಾಣದ ಗುರುತು ತಾನಾಗಿ ಓಡಾಡುತ್ತಿತ್ತು, ಒಳಗೆ ಯಾರೋ ಹೊಕ್ಕಿದ್ದಾರೆ, ಅದಕ್ಕೇ ಪ್ಲಗ್ ಕಿತ್ತೆ ಎಂದು ಏದುಸಿರಿನಲ್ಲಿ ವರದಿ ಕೊಟ್ಟ. "ಹೊಕ್ಕಿದ್ದು ನಾನೇ," ಎಂದು ಸರ್ ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಕೊನೆಗೆ ಕಾರು ಹತ್ತಿ ಹೋಗಿ ಮುಖ ತೋರಿಸಿ ಬಂದರು. ಆ ಮೂರನೆಯದನ್ನೇ ಆರಿಸಿದೆವು.

ನಾನು ಉಡುಪಿಯಿಂದ ಬಂದು ನಾಲ್ಕು ತಿಂಗಳಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಗಂಡನ ಕಂಪನಿ ಮುಚ್ಚಿತ್ತು, ಮಗಳು ಇನ್ನೂ ಸಣ್ಣವಳು; ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ಒಂದು ಕೋಣೆಯ ಮನೆ ನನ್ನೊಬ್ಬಳ ಸಂಬಳದಲ್ಲಿ ನಡೆಯುತ್ತಿತ್ತು. ಒಂದು ಗುರುವಾರ ಮಧ್ಯಾಹ್ನ, ಶುಕ್ರವಾರ-ಶನಿವಾರದ ರಜೆಗೆ ಮೊದಲು ವಾರದ ಕೆಲಸ ಮುಗಿಸುವ ಅವಸರದಲ್ಲಿ ನನ್ನ ಕಂಪ್ಯೂಟರ್ ಬಂದ್ ಮಾಡಿದೆ. ಅದು ಬಂದ್ ಆಗಲಿಲ್ಲ. ಬಂದ್ ಆದದ್ದು, ಅದರ ಪರದೆಯ ತುಂಬ ತೆರೆದುಕೊಂಡಿದ್ದ ಅಬುಧಾಬಿಯ ಸರ್ವರ್.

ದೂರದಿಂದ ಬಂದ್ ಮಾಡಬಹುದು, ಮತ್ತೆ ಹಚ್ಚಲಿಕ್ಕೆ ಅಲ್ಲಿಯ ಗುಂಡಿಯನ್ನೇ ಒತ್ತಬೇಕು. ಆ ಕೋಣೆಯ ಬೀಗದಕೈ ಸರ್ ಜೇಬಿನಲ್ಲಿತ್ತು. ಗೋದಾಮಿನ ಎದುರು ಸರಕು ತುಂಬಿದ ಲಾರಿಗಳು ಸಾಗಣೆಯ ಕಾಗದ ಮುದ್ರಣವಾಗದೆ ನಿಂತವು. ಸರ್ ಕಾರಿನ ಕೀ ಎತ್ತಿಕೊಂಡು ಎದ್ದರು. "ನಾನೂ ಬರ್ತೇನೆ," ಎಂದು ಹಿಂದೆಯೇ ಓಡಿದೆ.

ಹೆದ್ದಾರಿಯಲ್ಲಿ ಮ್ಯಾನೇಜರ್ ಫೋನ್ ಬಂತು. ಕಾರಿನ ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. ಯಾರು ಮಾಡಿದ್ದು ಎಂದರು.

"ನಾನು ಸರ್. ನೋಡದೆ ಒತ್ತಿಬಿಟ್ಟೆ," ಎಂದರು ಇವರು ಇಂಗ್ಲಿಷಿನಲ್ಲಿ.

ಫೋನ್ ಇಟ್ಟ ಮೇಲೆ ನಾನು ಅಳುತ್ತಾ, "ಭಾನುವಾರ ನಾನೇ ಹೋಗಿ ಹೇಳ್ತೇನೆ," ಎಂದೆ.

"ಎಂತ ಹೇಳುದು? ನಿನ್ನನ್ನು ಅವತ್ತೇ ಮನೆಗೆ ಕಳಿಸ್ತಾರೆ. ನನಗಾದ್ರೆ ಒಂದು ಕಾಗದ ಕೊಡ್ತಾರೆ, ಅಷ್ಟೆ. ಖಲಾಸ್. ಕಣ್ಣೊರಸು, ಸ್ಟೋರ್‌ಕೀಪರ್ ನೋಡಿದ್ರೆ ಪುನಃ ಪ್ಲಗ್ ಕೀಳ್ತಾನೆ."

ಭಾನುವಾರ ಅವರಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ನನ್ನೆದುರೇ ಸಹಿ ಹಾಕಿದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಎರಡು ವರ್ಷ ಕಳೆಯಿತು. ಎಣ್ಣೆಯ ಬೆಲೆ ಇಳಿದು ಎಲ್ಲ ಕಡೆ ಜನರನ್ನು ತೆಗೆಯುತ್ತಿದ್ದ ಕಾಲ. ಎಲ್ಲವನ್ನೂ ಕುಳಿತಲ್ಲಿಂದಲೇ ಮಾಡುವುದಾದರೆ ಐಟಿಗೆ ಇಬ್ಬರೇಕೆ ಎಂದು ಮೇಲಿನವರಿಗೆ ಅನ್ನಿಸಿತು. ಇಬ್ಬರ ಫೈಲು ತೆರೆದರು. ಒಂದರಲ್ಲಿ ಎಚ್ಚರಿಕೆಯ ಪತ್ರವಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಆಗ ನಾನು ಹೇಳಬಹುದಿತ್ತು. ಗಂಡನಿಗೆ ಕೆಲಸ ಸಿಕ್ಕಿತ್ತು, ನಾವು ಉಪವಾಸ ಬೀಳುತ್ತಿರಲಿಲ್ಲ. ಎಚ್.ಆರ್. ಕೋಣೆಯ ಗಾಜಿನ ಬಾಗಿಲವರೆಗೆ ಹೋಗಿ ಹಿಡಿಕೆಯ ಮೇಲೆ ಕೈಯಿಟ್ಟೆ. ಮಗಳನ್ನು ಆ ತಿಂಗಳಷ್ಟೇ ಶಾಲೆಗೆ ಸೇರಿಸಿದ್ದೆವು. ಅದನ್ನೇ ಕಾರಣ ಮಾಡಿಕೊಂಡು ತಿರುಗಿ ಬಂದೆ. ಸರ್ ತಮ್ಮ ಜಾಗದಿಂದ ನೋಡುತ್ತಿದ್ದರು. "ಯಲ್ಲಾ, ಬಾ, ಚಾ ಕುಡಿಯುವ," ಎಂದರು. ಚಾ ಕುಡಿದೆವು. ನನಗೆ ತಲೆಯೆತ್ತಲು ಆಗಲಿಲ್ಲ.

ಸರ್ ಕೆಲಸ ಹೋಯಿತು. ಐವತ್ತನಾಲ್ಕರ ವಯಸ್ಸಿಗೆ ಅವರಿಗೆ ಬೇರೆ ಕೆಲಸ ಸಿಗಲಿಲ್ಲ. ಹೆಂಡತಿಯನ್ನು ನೌಕರಿಯಲ್ಲಿ ಬಿಟ್ಟು ಅವರೊಬ್ಬರೇ ಮಂಗಳೂರಿಗೆ ಹೋದರು. ಆಗಾಗ ನಾನು ಕೆಲಸದಲ್ಲಿ ತಡವರಿಸಿದಾಗ, ಅದೇ ತಂತ್ರಾಂಶದಿಂದ ಅಲ್ಲಿಂದಲೇ ನನ್ನ ಪರದೆಗೆ ಬಂದು ಸಹನೆಯಿಂದ ದಾರಿ ತೋರಿಸುತ್ತಿದ್ದರು. ಮರುವರ್ಷ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕುಸಿದವರು ಏಳಲಿಲ್ಲ.

ಮೂರು ವಾರದ ಮೇಲೆ, ಅಂತ್ಯಸಂಸ್ಕಾರಕ್ಕೆ ಊರಿಗೆ ಹೋಗಿದ್ದ ಅವರ ಹೆಂಡತಿ ಮಂಗಳೂರಿನಿಂದ ಫೋನ್ ಮಾಡಿದರು. ತೀರಿಕೊಂಡ ತಿಂಗಳಿಗೆ ಚರ್ಚಿನಲ್ಲಿ ನಡೆಯುವ ಬಲಿಪೂಜೆಯ ಕಾರ್ಡಿಗೆ ಒಂದು ಒಳ್ಳೆಯ ಫೋಟೋ ಬೇಕು, ಸರ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲಿದೆಯೋ ತಿಳಿಯುವುದಿಲ್ಲ ಎಂದರು. ಅವರು ಆ ತಂತ್ರಾಂಶ ತೆರೆದು, ಒಳಬಿಡಲು ಅದು ತೋರಿಸಿದ ಅಂಕಿಗಳನ್ನು ಒಂದೊಂದಾಗಿ ಓದಿದರು. ನಾನು ದುಬೈಯಿಂದ ಸರ್ ಲ್ಯಾಪ್‌ಟಾಪ್ ಒಳಗೆ ಹೋದೆ. ಎಲ್ಲವೂ ಅಚ್ಚುಕಟ್ಟಾಗಿತ್ತು. ಕಡಲತೀರದಲ್ಲಿ ಗಾಳಿಗೆ ಕೂದಲು ಹಾರಿ ನಗುತ್ತಿದ್ದ ಒಂದು ಫೋಟೋ ಇಬ್ಬರಿಗೂ ಹಿಡಿಸಿತು. ಅದನ್ನು ಬೇರೆ ಇಟ್ಟುಕೊಟ್ಟೆ.

"ಅಕ್ಕಾ, ಅವತ್ತು ಸರ್ವರ್ ಬಂದ್ ಮಾಡಿದ್ದು ಸರ್ ಅಲ್ಲ, ನಾನು," ಎಂದೆ.

ಆ ಕಡೆ ಅವರು ಕುರ್ಚಿ ಎಳೆದು ಕುಳಿತದ್ದು ಕೇಳಿಸಿತು.

"ಅವರು ನನಗೂ ಹೇಳ್ಲಿಲ್ಲ," ಎಂದರು. "ಇಷ್ಟು ವರ್ಷ ಆ ಕೆಲಸ ಮಾಡಿ ಒಂದು ಬಟನ್ ಸರಿ ನೋಡಿ ಒತ್ತಲಿಕ್ಕೆ ಆಗ್ಲಿಲ್ವಾ ನಿಮಗೆ, ಅಂತ ನಾನು ಎಷ್ಟು ಸಲ ಬೈದಿದ್ದೇನೆ ಗೊತ್ತುಂಟಾ? ಹೋಗುವ ಹಿಂದಿನ ವಾರವೂ ಫೋನಿನಲ್ಲಿ ಬೈದೆ. ಸುಮ್ಮನೆ ಕೇಳ್ತಾ ಇದ್ರು."

ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಫೋಟೋ ಒಳ್ಳೆದುಂಟು, ಥ್ಯಾಂಕ್ಸ್," ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟರು. ಲ್ಯಾಪ್‌ಟಾಪಿನ ಸಂಪರ್ಕ ಆ ಕಡೆಯಿಂದ ತಪ್ಪುವವರೆಗೂ ನಾನು ಪರದೆಯಲ್ಲಿದ್ದ ಆ ನಗುವ ಮುಖದ ಎದುರು ಕುಳಿತೇ ಇದ್ದೆ.